ಗಾಳಿ ಲೈನಿಗೆ ಕೊಟ್ಟ ವಾಟ

ಎಲ್ಲಾದರೂ ಸಣ್ಣಗೆ ‘ಸ್ಸ್’ ಎಂದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿರುತ್ತೇನೆ, ಎಲೆಯ ತುಂಬ ಬಡಿಸಿರುತ್ತಾರೆ, ಹಿಂದೆ ಅಡುಗೆಯವರ ಕಡೆ ಗ್ಯಾಸಿನ ಪೈಪೋ ಮತ್ತೊಂದೋ ಸಣ್ಣಗೆ ಬುಸುಗುಟ್ಟುತ್ತದೆ. ಅಲ್ಲಿಗೆ ನನ್ನ ಊಟ ಮುಗಿಯಿತು. ಪಾಯಸಕ್ಕೂ ಸಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಶಾರದೆ ಮೊಣಕೈಯಿಂದ ತಿವಿದು, “ಊಟ ಮಾಡ್ರೀ, ಇದೇನ್ ನಿಮ್ ಶೆಡ್ ಅಲ್ಲ” ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ, ಕಿವಿ ಮಾತ್ರ ಅಲ್ಲೇ ಇರುತ್ತದೆ.

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಬಾಟಲಿ ಸೋಪಿನ ನೀರು, ಒಂದು ಹಳೇ ಶೇವಿಂಗ್ ಬ್ರಷ್ಷು ಯಾವಾಗಲೂ ಇರುತ್ತವೆ. ಪೈಪಿನ ಕೀಲುಗಳಿಗೆ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೋ ಇಲ್ಲವೋ ಎಂದು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುವುದು ನನ್ನ ಕಸುಬಿನ ಒಂದು ಭಾಗ. ಹೊಟ್ಟೆ ಬಂದ ಮೇಲೆ ಬಗ್ಗುವುದು ಕಷ್ಟವಾಗಿದೆ, ಆ ಮಾತು ಬೇರೆ. ದೊಡ್ಡಬಳ್ಳಾಪುರದಲ್ಲಿ ಟ್ರಾಕ್ಟರು, ಟ್ರೈಲರು, ಹಾಲಿನ ವ್ಯಾನು, ಗೂಡ್ಸ್ ಆಟೋಗಳ ತಗಡು ತಿದ್ದುವ ಕೆಲಸ ನನ್ನದು. ತಿದ್ದಿದ ತಗಡಿಗೆ ಬಣ್ಣ ಹೊಡೆಯುವ ಕೆಲಸ ನಮ್ಮಣ್ಣ ಗಂಗಾಧರನದು. ‘ಆಗಿತ್ತು’ ಎಂದು ಬರೆಯಬೇಕು. ಪೆನ್ನು ಒಪ್ಪಲಿಲ್ಲ.

ನಮ್ಮ ಬೀದಿಯ ತುಂಬ ಮಗ್ಗಗಳು. ಹಗಲೆಲ್ಲ ಲಟಕ್ ಪಟಕ್ ಎಂದು ಬಡಿದುಕೊಳ್ಳುತ್ತವೆ. ಅದರ ನಡುವೆಯೂ ನಮ್ಮ ಮನೆಯ ನಡುಕೋಣೆಯಿಂದ ಬರುವ ಇನ್ನೊಂದು ಸದ್ದು ನನಗೆ ಬಿಡಿಸಿ ಕೇಳಿಸುತ್ತದೆ. ಅದು ಅಣ್ಣನ ಉಸಿರಿನ ಮೆಷಿನ್ನು. ಹೊರಗಿನ ಗಾಳಿ ಎಳೆದುಕೊಂಡು, ಅದರಿಂದ ಆಮ್ಲಜನಕ ಸೋಸಿ, ಸಣ್ಣ ಪ್ಲಾಸ್ಟಿಕ್ ನಳಿಕೆಯಲ್ಲಿ ಅವನ ಮೂಗಿಗೆ ಕೊಡುತ್ತದೆ. ಅದರ ಹೊಟ್ಟೆಯೊಳಗೂ ಒಂದು ಪುಟ್ಟ ಕಂಪ್ರೆಸರ್ ಇದೆ. ಅದನ್ನು ಮನೆಗೆ ತಂದ ದಿನ ಅಣ್ಣ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ಬೆಲ್ಟ್ ಇಲ್ದಿರೋದು. ಒಳ್ಳೇ ಮಾಲು” ಎಂದ. ಅತ್ತಿಗೆ ಜಯಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅಡುಗೆ ಮನೆಗೆ ಹೋದರು.

ಇದೇ ಅಣ್ಣನ ಉಸಿರಿಗೆ ಒಂದು ಕಾಲದಲ್ಲಿ ಊರಿಗೆ ಊರೇ ಬೆರಗಾಗುತ್ತಿತ್ತು ಎಂದರೆ ನೀವು ನಂಬಬೇಕು. ನಮ್ಮ ಹಳ್ಳಿ ತೂಬಗೆರೆಯ ಹತ್ತಿರ. ಸುತ್ತ ನೀಲಗಿರಿ ತೋಪುಗಳು, ಹಾಗಾಗಿ ಒಲೆಗೆ ನೀಲಗಿರಿ ಸೌದೆ. ಮಳೆಗಾಲದಲ್ಲಿ ಅದು ಹತ್ತಿಕೊಳ್ಳುವುದಿರಲಿ, ಒಲೆಯಲ್ಲಿ ಕೂತು ನಮ್ಮನ್ನೇ ಅಣಕಿಸುತ್ತಿತ್ತು. ಅಮ್ಮ ಊದಿ ಊದಿ ಸೋತು, ಕೆಂಪಗಾದ ಕಣ್ಣು ಒರೆಸಿಕೊಂಡು, “ಗಂಗಾ, ಬಾರೋ, ಒಂದು ಉಸಿರು ಕೊಟ್ಟು ಹೋಗು” ಎಂದು ಕೂಗುತ್ತಿದ್ದಳು. ಅಣ್ಣ ಆಟ ಬಿಟ್ಟು ಬಂದು, ಊದುಕೊಳವೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸದೆ ಎದೆಯಿಂದಲೇ ಊದುತ್ತಿದ್ದ. ಹೊಗೆ ಒಡೆದು ಬೆಂಕಿ ಎದ್ದು ನಿಲ್ಲುತ್ತಿತ್ತು. ನಾನೂ ಒಂದು ಸಲ ಗಂಡಸುತನ ತೋರಿಸಲು ಹೋಗಿ, ಊದುವ ಬದಲು ಎಳೆದುಕೊಂಡು, ಬೂದಿ ನುಂಗಿ ಅಂಗಳದಲ್ಲಿ ಹೊರಳಾಡಿದ್ದೆ. ಅಮ್ಮ ನೀರು ಕುಡಿಸಿ ಬೆನ್ನು ಸವರಿದಳು. ಅಣ್ಣ ಅಷ್ಟು ಹೊತ್ತೂ ನಕ್ಕ.

ಊರ ಮುಂದಿನ ಕುಂಟೆಯಲ್ಲಿ ಮುಳುಗು ಹಾಕುವ ಆಟದಲ್ಲೂ ಅವನನ್ನು ಸೋಲಿಸಿದವರಿಲ್ಲ. ನಾವೆಲ್ಲ ಮೇಲೆ ಬಂದು, ತಲೆ ಒರೆಸಿಕೊಂಡು, ಬಟ್ಟೆ ಹಾಕಿಕೊಂಡರೂ ಅವನು ಮೇಲೇಳುತ್ತಿರಲಿಲ್ಲ. ದಡದಲ್ಲಿ ನಿಂತು ನಾನು ಅಳುವುದಕ್ಕೆ ಶುರು ಮಾಡಿದಾಗ ಎಲ್ಲೋ ಆಚೆ ದಂಡೆಯಲ್ಲಿ ತಲೆ ಎತ್ತಿ, “ಲೇ ಕಿಟ್ಟ, ಯಾಕ್ಲಾ ಅಳ್ತೀಯ?” ಎನ್ನುತ್ತಿದ್ದ. ಅಷ್ಟು ಉಸಿರನ್ನು ಅವನು ಎಲ್ಲಿ ಬಚ್ಚಿಟ್ಟುಕೊಂಡಿರುತ್ತಿದ್ದನೋ ದೇವರಿಗೇ ಗೊತ್ತು. ಈಗ ಹಾಸಿಗೆಯಿಂದ ಎದ್ದು ಪಂಚೆ ಸರಿಮಾಡಿಕೊಳ್ಳುವುದರಲ್ಲಿ ಅದು ಖರ್ಚಾಗಿಬಿಡುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಹಳೇ ಶೆಡ್ಡಿನಲ್ಲಿ ಗಾಳಿಯ ಲೈನು ಎಂಬುದೇ ಇರಲಿಲ್ಲ. ಒಂದು ಹಳೇ ಕಂಪ್ರೆಸರ್, ಅದಕ್ಕೊಂದು ಉದ್ದನೆಯ ರಬ್ಬರ್ ಪೈಪು. ಆ ಪೈಪನ್ನು ಎಲ್ಲಿ ಬೇಕೋ ಅಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದೆವು. ನಾನು ಅದನ್ನು ಎಡವಿ ಬಿದ್ದಷ್ಟು ಸಲ ನನ್ನ ಮಗ ನಡೆಯಲು ಕಲಿಯುವಾಗಲೂ ಬಿದ್ದಿರಲಿಕ್ಕಿಲ್ಲ. ಅಣ್ಣ ಒದ್ದೆ ಕರ್ಚೀಫು ಮೂಗಿಗೆ ಕಟ್ಟಿಕೊಂಡು ಬಣ್ಣ ಹೊಡೆಯುತ್ತಿದ್ದ. ಅವನ ಕೈಯಲ್ಲಿ ಬಣ್ಣ ಸಿಂಪಡಿಸುವ ಗನ್ನು ಓಡುವುದನ್ನು ನೋಡಲೆಂದೇ ಟ್ರಾಕ್ಟರಿನವರು ಕಾದು ನಿಲ್ಲುತ್ತಿದ್ದರು. ಒಂದು ಕಡೆ ದಪ್ಪ ಇಲ್ಲ, ಒಂದು ಕಡೆ ಇಳಿದಿಲ್ಲ. ಸಂಜೆ ನಲ್ಲಿಯ ಹತ್ತಿರ ಕೂತು ಮೂಗು ಸೀಟಿ, “ಇವತ್ತು ಯಾವ್ ಬಣ್ಣ ಹೊಡ್ದೆ ಅಂತ ಮೂಗೇ ಹೇಳ್ತದೆ ನೋಡ್ಲಾ” ಎಂದು ತೋರಿಸುತ್ತಿದ್ದ. ಒಂದು ದಿನ ಕೆಂಪು, ಒಂದು ದಿನ ನೀಲಿ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮೂಗಿನಿಂದ ಹೊರಗೆ ಬಂದದ್ದು ಮಾತ್ರ ನಮಗೆ ಕಾಣುತ್ತಿತ್ತು.

ಒಳಗೆ ಉಳಿದದ್ದನ್ನು ಬೆಂಗಳೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಅದರಲ್ಲಿ ಏನೂ ಅರ್ಥವಾಗಲಿಲ್ಲ, ಆದರೂ ಅರ್ಥವಾದವನಂತೆ ಬಗ್ಗಿ ನೋಡಿದೆ. ಡಾಕ್ಟರು ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿ, “ಇನ್ನು ಇವರನ್ನ ಬಣ್ಣದ ಹತ್ತಿರ ಬಿಡಬೇಡಿ. ಹೋಗಿರೋದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳಬೇಕು” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಎದುರಿಗೆ ಬಂದ ಲಾರಿಯೊಂದನ್ನು ನೋಡಿ, “ಪುಟ್ಟಿ ಸರಿಯಾಗಿ ಉಜ್ಜಿಲ್ಲ” ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಮೆಷಿನ್ನಿನ ಜೊತೆ ಬಂದ ನಳಿಕೆ ಸುತ್ತಿಕೊಂಡು ಹೋಗಬೇಕಾದ ಬಚ್ಚಲ ಮನೆಯ ಬಾಗಿಲವರೆಗೂ ಮುಟ್ಟುತ್ತಿರಲಿಲ್ಲ. ನಾನು ಇನ್ನೊಂದು ತಂದು ಜೋಡಿಸಿದೆ. ಅಣ್ಣ ಮುಂದಿನ ಜಗಲಿಗೆ ಬಂದು ಕೂರುವಂತಾಯಿತು. ಗೋಡೆಗೆ ಅಲ್ಲಲ್ಲಿ ಕೊಕ್ಕೆ ಹೊಡೆದು, ಯಾರ ಕಾಲಿಗೂ ಸಿಗದ ಹಾಗೆ ನಳಿಕೆ ಏರಿಸಿದೆ. ಅಣ್ಣ ಅದನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿ, “ಶೆಡ್ಡಲ್ಲಿ ಹಿಂಗೆ ಒಂದ್ ದಿನ ಮಾಡ್ಲಿಲ್ಲ ನೀನು” ಎಂದ. ಚಳಿಗಾಲದ ಬೆಳಗ್ಗೆ ನಳಿಕೆಯೊಳಗೆ ನೀರಿನ ಹನಿ ಕಟ್ಟುತ್ತಿತ್ತು. ನಾನು ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ಇಳಿಸುತ್ತಿದ್ದೆ. ನನ್ನ ಜೀವಮಾನದಲ್ಲಿ ನಾನು ಎಳೆದ ಮೊದಲನೇ ಗಾಳಿ ಲೈನು ಅದೇ.

ಹೀಗಿರುವಾಗ ಹಳೇ ಶೆಡ್ಡಿನ ಜಾಗದ ಯಜಮಾನರು ಅಲ್ಲಿ ಅಂಗಡಿ ಸಾಲು ಕಟ್ಟುತ್ತೇನೆಂದರು. ನಾವು ತೂಬಗೆರೆ ರಸ್ತೆಯಲ್ಲಿ ಒಂದು ಜಾಗ ಹಿಡಿದು ತಗಡಿನ ಮಾಡು ಹಾಕಿಸಿದೆವು. ಹೊಸ ಕಂಪ್ರೆಸರ್ ಬಂತು, ದೊಡ್ಡ ಟ್ಯಾಂಕಿನದು. ಅದರ ಫೋಟೋ ಮೊಬೈಲಿನಲ್ಲಿ ತೋರಿಸಿದಾಗ ಅಣ್ಣನ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆ ಕಂಡಿತು. ಎರಡು ಬೆರಳಿನಲ್ಲಿ ಫೋಟೋ ದೊಡ್ಡದು ಮಾಡಿ, ಟ್ಯಾಂಕಿನ ಬೆಸುಗೆಯನ್ನು ಒಂದೊಂದಾಗಿ ನೋಡಿದ. ಆಮೇಲೆ ಹೇಳಿದ, “ಲೇ ಕಿಟ್ಟ, ಇದ್ರ ಸ್ವಿಚ್ ನಾನೇ ಹಾಕ್ಬೇಕು. ಒಂದ್ ಸಲ. ಆಮೇಲೆ ನಾನ್ ಆ ಕಡೆ ತಲೆ ಹಾಕಲ್ಲ.”

ಅತ್ತಿಗೆ ಒಪ್ಪಲಿಲ್ಲ. “ಡಾಕ್ಟ್ರು ಏನ್ ಹೇಳಿದ್ರು ಮರ್ತೋಯ್ತಾ? ಆ ಶೆಡ್ಡೇ ನಿಮ್ಮನ್ನ ತಿಂದಿದ್ದು” ಎಂದು ರೇಗಿದರು. ಅಣ್ಣ ಜಗಳ ಆಡುವಷ್ಟು ಉಸಿರಿಲ್ಲದೆ ಸುಮ್ಮನೆ ಅವರನ್ನೇ ನೋಡಿದ. ಕೊನೆಗೆ ಅತ್ತಿಗೆಯೇ ಇಳಿದು ಬಂದರು. ಆಯುಧ ಪೂಜೆಯ ದಿನ ಒಂದು ಗಳಿಗೆ ಹೋಗಿ ಬರಬಹುದು, ಆದರೆ ಶೆಡ್ಡಿನಲ್ಲಿ ಬಣ್ಣದ ವಾಸನೆ ಎಳ್ಳಷ್ಟೂ ಇರಬಾರದು. ನಾನು ದೇವರ ಫೋಟೋದ ಕಡೆ ಕೈ ತೋರಿಸಿ ಮಾತು ಕೊಟ್ಟೆ. ಹಬ್ಬಕ್ಕೆ ಇನ್ನೂ ತಿಂಗಳುಗಳಿದ್ದವು. ನನಗೆ ಹೆದರಿಕೆ ಇದ್ದದ್ದು ಅಣ್ಣನ ಉಸಿರಿನ ಬಗ್ಗೆ. ಆ ತಿಂಗಳುಗಳಲ್ಲಿ ಅವನು ಜಗಲಿಗೆ ಬರುವುದು ಕಮ್ಮಿಯಾಗುತ್ತಿತ್ತು. ನಾನು ಉದ್ದ ಮಾಡಿದ್ದ ನಳಿಕೆ ಸುರುಳಿ ಸುತ್ತಿಕೊಂಡು ಮಂಚದ ಕಾಲಿನ ಹತ್ತಿರವೇ ಬಿದ್ದಿರುತ್ತಿತ್ತು.

ಹೊಸ ಶೆಡ್ಡಿಗೆ ಸುತ್ತಲೂ ಕಬ್ಬಿಣದ ಪೈಪಿನ ಲೈನು ಎಳೆಯುವುದೆಂದು ತೀರ್ಮಾನವಾಯಿತು. ಪೈಪಿನ ಕೆಲಸಕ್ಕೆ ಬಂದವನು ಬಾಷಾ. ನಮ್ಮ ಹಳೇ ಗೆಳೆಯ, ಮಾತಿಗೊಂದು ಪೈಪ್ ರೆಂಚು ತಿರುಗಿಸುವ ಮನುಷ್ಯ. ಅಣ್ಣ ಮಂಚದ ಮೇಲೆ ಕೂತು ಅವನಿಗೆ ಫೋನಿನಲ್ಲೇ ಎಲ್ಲ ಹೇಳುತ್ತಿದ್ದ. ಕಂಪ್ರೆಸರ್ ಅಗ್ನಿ ಮೂಲೆಗೆ, ಅಂದರೆ ಆಗ್ನೇಯಕ್ಕೆ. ಬಿಸಿಯಾಗುವ ವಸ್ತು ಅಲ್ಲೇ ಇರಬೇಕು. ಬಣ್ಣದ ಜಾಗ ಈಶಾನ್ಯಕ್ಕೆ. ಬೆಳಗಿನ ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ವಾಟದ ವಿಷಯದಲ್ಲಿ. ನೀರು ಹರಿದು ಹೋಗಲೆಂದು ನೆಲಕ್ಕೋ ಪೈಪಿಗೋ ಕೊಡುವ ಸಣ್ಣ ಇಳಿಜಾರಿಗೆ ನಮ್ಮ ಕಡೆ ವಾಟ ಎನ್ನುತ್ತಾರೆ. ಗಾಳಿಯ ಪೈಪಿಗೆ ನೀರಿನ ಯೋಚನೆ ಏಕೆ ಎಂದು ನೀವು ಕೇಳಬಹುದು. ಗಾಳಿಯನ್ನು ಒತ್ತಿ ತುಂಬಿದಾಗ ಅದು ಬಿಸಿಯಾಗುತ್ತದೆ. ಪೈಪಿನಲ್ಲಿ ಹೋಗುತ್ತ ಹೋಗುತ್ತ ತಣ್ಣಗಾಗಿ, ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಆ ನೀರು ಬಣ್ಣದ ಗನ್ನಿಗೆ ಬಂದರೆ ಕೆಲಸ ಕೆಟ್ಟಿತು. ಆದ್ದರಿಂದ ಬಾಷಾ ಹೇಳಿದ, “ಗಂಗಣ್ಣ, ಲೈನು ಮೊದ್ಲು ನೈಋತ್ಯದ್ ಕಡೆ ಇಳ್ಸಾಣ. ಅಲ್ಲಿ ಒಂದ್ ಡ್ರೈನ್ ಇಟ್ಟು ನೀರೆಲ್ಲಾ ಬಿಟ್ಬಿಡಾಣ. ಆಮೇಲೆ ಗೋಡೆ ಸುತ್ತ್ಕೊಂಡು ಒಣಾ ಗಾಳಿ ನಿಮ್ ಬಣ್ಣದ್ ಮೂಲೆಗ್ ಬರ್ತದೆ.”

ಸ್ಪೀಕರಿನಲ್ಲಿ ಮೊದಲು ಅಣ್ಣನ ಮೆಷಿನ್ನಿನ ಸದ್ದು ಕೇಳಿಸಿತು. ಆಮೇಲೆ ಅವನ ದನಿ. “ನೀರನ್ನ ನೈಋತ್ಯಕ್ಕೆ ಹರಿಸ್ತಾರೇನೋ ಬಾಷಾ? ಯಾರಾದ್ರೂ ಕೇಳಿದ್ರೆ ನಗ್ತಾರೆ. ನೀರು ಈಶಾನ್ಯಕ್ಕೇ ಇಳೀಬೇಕು. ನೈಋತ್ಯಕ್ಕೆ ಇಳಿದ್ರೆ ಯಜಮಾನನಿಗೆ ಆಗಿ ಬರಲ್ಲ.”

ನೀವು ಈ ಕಡೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕೊಟ್ಟಿಗೆ ಕಟ್ಟುವವನೂ ಈಶಾನ್ಯ ನೋಡಿಯೇ ನೆಲಕ್ಕೆ ವಾಟ ಕೊಡುತ್ತಾನೆ. ನೈಋತ್ಯ ಯಜಮಾನನ ಮೂಲೆ, ಅದು ತಗ್ಗಾಗಬಾರದು, ಅಲ್ಲಿಗೆ ನೀರು ಹೋಗಬಾರದು. ಆದರೆ ಪೈಪಿನೊಳಗೆ ಹರಿಯುವ ಬೊಗಸೆ ನೀರಿಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಾಷಾ ನನ್ನ ಮುಖ ನೋಡಿದ. ನಾನು ಅವನ ರೆಂಚು ನೋಡಿದೆ. ನಮ್ಮ ಮನೆಯ ಯಜಮಾನ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಂಚದ ಮೇಲೆ ಕೂತಿದ್ದಾನೆ. ಅವನಿಗೆ ಆಗಿ ಬರದ ಕೆಲಸ ಮಾಡು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನಾನೇನು ವಾಸ್ತು ನಂಬುವವನಲ್ಲ. ನಂಬದಿರುವುದಕ್ಕೂ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರಬೇಕು ಎಂದು ಆ ದಿನ ಗೊತ್ತಾಯಿತು.

ಹಾಗಾಗಿ ನಮ್ಮ ಗಾಳಿ ಲೈನು ಶಾಸ್ತ್ರೋಕ್ತವಾಗಿ ಈಶಾನ್ಯಕ್ಕೆ ಇಳಿಯಿತು. ಬಾಷಾ ಮಟ್ಟಗೋಲು ಹಿಡಿದು, ಒಂದು ಕೂದಲೆಳೆ ತಪ್ಪದ ಹಾಗೆ ತಪ್ಪು ಕೆಲಸವನ್ನು ಮಾಡಿಕೊಟ್ಟ. ಹೊಸ ಕಂಪ್ರೆಸರಿನ ಸ್ವಿಚ್ಚು ಅಣ್ಣನಿಗೆ ಮೀಸಲು, ಹಾಗಾಗಿ ಹಳೇ ಕಂಪ್ರೆಸರನ್ನೇ ಲೈನಿಗೆ ತಗುಲಿಸಿ ಗಾಳಿ ತುಂಬಿದೆವು. ನಾನು ಸೋಪಿನ ನೊರೆ ಹಚ್ಚುತ್ತ, ಕ್ಷೌರದವನ ಹಾಗೆ ಪೈಪಿನಿಂದ ಪೈಪಿಗೆ ನಡೆದೆ. ಎಲ್ಲೂ ಗುಳ್ಳೆ ಏಳಲಿಲ್ಲ.

ಪರೀಕ್ಷೆಗೆಂದು ಒಂದು ಹಳೇ ಟ್ರಾಕ್ಟರ್ ಬಾನೆಟ್ಟನ್ನು ನಿಲ್ಲಿಸಿಕೊಂಡು ನಾನೇ ಗನ್ನು ಹಿಡಿದೆ. ಅಣ್ಣ ವಿಡಿಯೋ ಕಾಲಿನಲ್ಲಿ ನೋಡುತ್ತೇನೆಂದು ಹಟ ಹಿಡಿದಿದ್ದ. ಬಾಷಾ ಮೊಬೈಲ್ ಹಿಡಿದುಕೊಂಡು ನಿಂತ. ಮೊದಲು ಒಳ್ಳೆಯದಾಗಿಯೇ ಬಂತು. ನನಗೂ ಸ್ವಲ್ಪ ಎದೆ ಉಬ್ಬಿತು. ಆಮೇಲೆ ಗನ್ನು ಒಂದು ಸಲ ಉಗುಳಿತು. ಇನ್ನೊಂದು ಸಲ ಉಗುಳಿತು. ಕೆಂಪು ಬಣ್ಣದ ಮೇಲೆಲ್ಲ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದವು.

ಮೊಬೈಲಿನೊಳಗಿಂದ ಅಣ್ಣ, “ನಿಲ್ಸು” ಎಂದ. ನಾನು ನಿಲ್ಲಿಸಿದೆ.

“ನೀರು ಬರ್ತೈತೆ ಕಣೋ.”

“ಏನಿಲ್ಲ ಅಣ್ಣ, ಮೊದ್ಲು ಸ್ವಲ್ಪ ಹಂಗೇ…”

“ಸುಳ್ ಹೇಳ್ಬೇಡ. ನಂಗೆ ಕೇಳ್ತೈತೆ. ಲೈನೆಲ್ಲಾ ಇಳಿದು ಗನ್ ಬಾಯಿಗೇ ಬಂದೈತೆ ನೀರು.” ಅಷ್ಟು ಹೇಳಿ ಅವನಿಗೆ ಉಸಿರು ಸಿಕ್ಕಿಕೊಂಡಿತು. ಫೋನಿನ ಪರದೆಯಲ್ಲಿ ಚಾವಣಿ ಕಾಣಿಸಿತು, ಅತ್ತಿಗೆಯ ಕೈ ಕಾಣಿಸಿತು, ಕೆಮ್ಮು ಕೇಳಿಸಿತು. ಬಾಷಾ ಮುಖ ಆ ಕಡೆ ತಿರುಗಿಸಿಕೊಂಡ. ತುಂಬ ಹೊತ್ತಿನ ಮೇಲೆ ಅಣ್ಣನ ಮುಖ ಮತ್ತೆ ಬಂತು. ಅವನು ನಗುತ್ತಿದ್ದ. “ಈಶಾನ್ಯ ಅಂದೋನು ನಾನೇ ಅಲ್ವಾ. ಬಿಚ್ಚಾಕು ಬಾಷಾ. ನೀನು ಹೇಳ್ದಂಗೇ ನೈಋತ್ಯಕ್ಕೆ ಇಳ್ಸು.”

ಬಾಷಾ ಮೆಲ್ಲಗೆ, “ಬ್ಯಾಡ ಗಂಗಣ್ಣ. ಬೇರೆ ಏನಾದ್ರೂ ದಾರಿ ನೋಡಾಣ. ನೈಋತ್ಯ ಅಂದ್ರೆ ನಿಮ್ಗೆ…” ಎಂದ. ಮೊದಲು ಬೇಡವೆಂದ ಈಶಾನ್ಯಕ್ಕೆ ಈಗ ಅವನೇ ವಕಾಲತ್ತು ಹಿಡಿಯುತ್ತಿದ್ದ.

“ಹರಿಸೋ ಮಾರಾಯ,” ಎಂದ ಅಣ್ಣ. “ಯಜಮಾನನಿಗೆ ಇನ್ನೇನ್ ಆಗ್ಬೇಕು?”

ಲೈನು ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ದಿನಗಳು ಹೋದವು. ತುದಿಗೆ ತಿರುಪಿನ ಎಳೆ ಕೊರೆದ ಪೈಪನ್ನು ಬಿಚ್ಚಿ ಬೇರೆ ಕಡೆ ಕೂರಿಸುವುದು ಹೊಸದು ಹಾಕುವುದಕ್ಕಿಂತ ಕಷ್ಟ. ಒಂದು ಕೀಲು ಬಿಗಿಯಾದರೆ ಇನ್ನೊಂದು ಸಡಿಲ. ಅತ್ತ ಬಾನೆಟ್ಟಿನ ಬಣ್ಣದ ವಾಸನೆ ಹೋಗಲೆಂದು ಶೆಡ್ಡಿನ ಬಾಗಿಲನ್ನೆಲ್ಲ ತೆರೆದಿಟ್ಟು, ನೆಲ ತೊಳೆದು, ಮೂಲೆ ಮೂಲೆಗೂ ಹೋಗಿ ನಾಯಿಯ ಹಾಗೆ ಮೂಸಿದೆ. ಇತ್ತ ಅಣ್ಣ ಪ್ರತಿ ಸಂಜೆ, “ಎಲ್ಲೀವರ್ಗೂ ಬಂತು?” ಎಂದು ಕೇಳುತ್ತಿದ್ದ. ನಾನು “ದಕ್ಷಿಣದ ಗೋಡೆ ಆಯ್ತು,” “ಪಶ್ಚಿಮ ಆಯ್ತು” ಎನ್ನುತ್ತಿದ್ದೆ. ಅವನು ಕಣ್ಣು ಮುಚ್ಚಿ ಆ ಗೋಡೆಯನ್ನು ಮನಸ್ಸಿನಲ್ಲೇ ನೋಡುತ್ತಿದ್ದ. ಹಬ್ಬದ ಹಿಂದಿನ ವಾರ ಅವನು ಕೂತು ಊಟ ಮಾಡುವುದೂ ಕಷ್ಟವಾಯಿತು. ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, “ಕಿಟ್ಟಪ್ಪ, ಕರ್ಕೊಂಡು ಹೋಗದೇ ಬೇಡ ಅನ್ಸ್ತದೆ. ಹೋಗ್ದಿದ್ರೆ ಅದ್ರಲ್ಲೇ ಕೊರಗ್ತಾರೆ ಅಂತಾನೂ ಅನ್ಸ್ತದೆ. ನೀನೇ ಹೇಳಪ್ಪ” ಎಂದರು. ನಾನು ಹಿತ್ತಲಿನ ಕರಿಬೇವಿನ ಎಲೆ ಕಿತ್ತು ಕಿತ್ತು ಹಾಕಿದೆ.

ಕರೆದುಕೊಂಡು ಹೋದೆವು. ಗೂಡ್ಸ್ ಆಟೋದ ಹಿಂದೆ ಹಾಸಿಗೆ ಹಾಸಿ, ಪಕ್ಕದಲ್ಲಿ ಸಣ್ಣ ಆಮ್ಲಜನಕದ ಸಿಲಿಂಡರ್ ಇಟ್ಟು, ಅತ್ತಿಗೆ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತರು. ಅಣ್ಣ ಹಬ್ಬಕ್ಕೆಂದು ಹೊಸ ಅಂಗಿ ಹಾಕಿಕೊಂಡಿದ್ದ. ಅದು ಅವನ ಮೇಲೆ ಬೇರೆ ಯಾರದೋ ಅಂಗಿಯ ಹಾಗೆ ಜೋಲುತ್ತಿತ್ತು. ಬಾಷಾ ಕಂಪ್ರೆಸರಿಗೆ ಚೆಂಡು ಹೂವಿನ ಹಾರ ಹಾಕಿ, ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದ. ಅಣ್ಣನನ್ನು ಕುರ್ಚಿಯ ಸಮೇತ ಎತ್ತಿ ಒಳಗೆ ತಂದೆವು. ಅವನ ತೂಕ ನನ್ನ ಕೈಗೆ ತಿಳಿಯಲೇ ಇಲ್ಲ.

ಕುಂಬಳಕಾಯಿ ಒಡೆದೆವು. ಅಣ್ಣ ಕೈ ಚಾಚಿ ಹಸಿರು ಗುಂಡಿ ಒತ್ತಿದ. ಮೋಟಾರು ಎದ್ದಿತು, ಬೆಲ್ಟು ಓಡಿತು, ಗಡಿಯಾರದಂಥ ಗೇಜಿನಲ್ಲಿ ಮುಳ್ಳು ನಿಧಾನವಾಗಿ ಮೇಲೇರತೊಡಗಿತು. ನಾವೆಲ್ಲ ಮುಳ್ಳು ನೋಡುತ್ತಿದ್ದೆವು. ಅಣ್ಣ ಪೈಪನ್ನು ನೋಡುತ್ತಿದ್ದ. ಆಗ್ನೇಯದಿಂದ ನೈಋತ್ಯಕ್ಕೆ, ಅಲ್ಲಿಂದ ಸುತ್ತಿಕೊಂಡು ಈಶಾನ್ಯಕ್ಕೆ, ಅವನ ಕಣ್ಣು ಲೈನಿನ ಉದ್ದಕ್ಕೂ ನಡೆದು ಬಂತು. ಟ್ಯಾಂಕು ತುಂಬಿದ ಕೂಡಲೇ ಕಂಪ್ರೆಸರ್ ಪುಸ್ಸೆಂದು ತಾನಾಗಿಯೇ ನಿಂತಿತು.

“ತುಂಬ್ತು,” ಎಂದ ಅಣ್ಣ. “ಸಾಕು ಅಂತ ಅದಕ್ಕೇ ಗೊತ್ತಾಯ್ತದೆ ನೋಡು. ನಂಗೆ ಎಷ್ಟ್ ಎಳ್ಕೊಂಡ್ರೂ ಸಾಕು ಅನ್ಸಲ್ಲ ಕಣೋ.”

ಬಾಷಾ ಹೂವಿನ ಹಾರ ಸರಿಮಾಡಿದ. ಅಣ್ಣ ಬಣ್ಣದ ಮೂಲೆಯ ಕಡೆ ಕೈ ತೋರಿಸಿ ನನ್ನನ್ನು ಹತ್ತಿರ ಕರೆದ. “ಅಲ್ಲಿ ಗನ್ ಹಿಡಿಯೋಕೆ ಯಾರನ್ನಾದ್ರೂ ಇಟ್ಕೋ. ನೀನ್ ಹಿಡೀಬೇಡ. ನನ್ನಾಣೆ.”

“ಯಾರನ್ನ ಇಟ್ಕೊಳ್ಲಿ ಅಣ್ಣ?”

ವಾಪಸು ಬರುವ ದಾರಿಯಲ್ಲಿ, ಆಟೋದ ಕುಲುಕಾಟದ ನಡುವೆ, ಅಣ್ಣ ತನ್ನಷ್ಟಕ್ಕೆ ಎಂಬಂತೆ, “ಅವನಿಗೂ ಹೆಂಡ್ತಿ ಮಕ್ಳು ಇರ್ತಾರೆ” ಎಂದ. ಆ ಮಾತು ಅಲ್ಲಿಗೇ ನಿಂತಿತು. ಮತ್ತೆ ಯಾವತ್ತೂ ನಾವು ಅದನ್ನು ಎತ್ತಿಲ್ಲ.

ಯಾರನ್ನೂ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಬಣ್ಣದವರು ಕೆಲಸ ಕೇಳಿಕೊಂಡು ಬಂದರು. ಕೈ ಚೆನ್ನಾಗಿದ್ದವರೂ ಬಂದರು. ಅವರ ಎದೆ ನೋಡುತ್ತಿದ್ದಂತೆ ನನಗೆ ಎಕ್ಸ್‌ರೇ ಕಾಣಿಸುತ್ತಿತ್ತು. ಏನೋ ನೆವ ಹೇಳಿ ಕಳಿಸಿದೆ. ಬಣ್ಣದ ಕೆಲಸ ಬಿಟ್ಟರೆ ಶೆಡ್ಡು ನಡೆಯುವುದಿಲ್ಲ. ತಗಡು ತಿದ್ದಿ ಬಣ್ಣಕ್ಕೆ ಬೇರೆ ಕಡೆ ಹೋಗಿ ಎಂದರೆ ಯಾರು ಬರುತ್ತಾರೆ? ಹಾಗೆ ಹೀಗೆ ನೋಡಿ, ಒಂದು ದಿನ ನಾನೇ ಗನ್ನು ಹಿಡಿದೆ. ಕರ್ಚೀಫಲ್ಲ, ಡಾಕ್ಟರು ಹೇಳಿದಂಥ, ಗಾಳಿ ಸೋಸುವ ಎರಡು ಡಬ್ಬಿಯ ಮಾಸ್ಕು ಹಾಕಿಕೊಳ್ಳುತ್ತೇನೆ. ನನ್ನ ಕೈ ಅಣ್ಣನ ಕೈಯಲ್ಲ. ಹತ್ತಿರ ಬಂದು ನೋಡುವವರು ಹತ್ತಿರ ಬಾರದಿರಲಿ ಎಂದು ಬೇಡಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲೇ ಸೀಗೆಪುಡಿ ಹಚ್ಚಿ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಬರುತ್ತೇನೆ. ಅಣ್ಣನಿಗೆ ಬಣ್ಣದ ವಾಸನೆ ತಾಗಬಾರದು ಎಂಬುದು ಒಂದು. ಗೊತ್ತಾಗಬಾರದು ಎಂಬುದು ಇನ್ನೊಂದು. ಶಾರದೆಗೂ ಹೇಳಿಲ್ಲ. ಯಾರೋ ಬಣ್ಣದವನು ಬಂದು ಹೋಗುತ್ತಾನೆ ಎಂದಿದ್ದೇನೆ.

ಮೊನ್ನೆ ಚಳಿ ಹೆಚ್ಚಾಗಿ ನನಗೆ ನೆಗಡಿಯಾಯಿತು. ನಿಜವಾಗಿಯೂ ನೆಗಡಿಯೇ. ಬೆಳಗ್ಗೆ ಬಚ್ಚಲಲ್ಲಿ ಕೆಮ್ಮು ಬಂತು. ತಡೆದರೂ ನಿಲ್ಲಲಿಲ್ಲ. ಬಚ್ಚಲ ಗೋಡೆಯ ಆಚೆಯೇ ಅಣ್ಣನ ಮಂಚ. ಒಳಗಿಂದ ಅವನು, “ಏನ್ಲಾ ಅದು?” ಎಂದ.

“ನೆಗಡಿ ಅಣ್ಣ. ರಾತ್ರಿ ತಣ್ಣೀರ್ ಕುಡ್ದೆ.”

ಗೋಡೆಯ ಆಚೆಯಿಂದ ಮೆಷಿನ್ನಿನ ಸದ್ದು ಮಾತ್ರ ಒಂದೇ ಸಮನೆ ಬರುತ್ತಿತ್ತು.

ಮಾರನೇ ದಿನ ಬೆಳಗ್ಗೆ ಅತ್ತಿಗೆ ನನಗೆ ಕಾಫಿ ತಂದುಕೊಟ್ಟರು. ಲೋಟದ ಪಕ್ಕದಲ್ಲಿ, ತಟ್ಟೆಯ ಮೇಲೆ ಒಂದು ಅಚ್ಚು ಬೆಲ್ಲ ಇತ್ತು. “ನಿಮ್ಮಣ್ಣ ಕೊಡು ಅಂದ್ರು. ಯಾಕೆ ಅಂತ ಕೇಳಿದ್ರೆ, ಅವನಿಗ್ ಗೊತ್ತು ಅಂದ್ರು” ಎಂದು ಹೇಳಿ ಒಳಗೆ ಹೋದರು.

ನಮ್ಮ ಬಣ್ಣದವರಲ್ಲಿ ಒಂದು ನಂಬಿಕೆ ಇದೆ. ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯೊಳಗೆ ಕೂತ ಬಣ್ಣದ ಧೂಳು ಕರಗಿ ಹೊಟ್ಟೆಗೆ ಇಳಿದು ಹೋಗುತ್ತದೆ ಎಂದು. ಬಣ್ಣದವರನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಕೊಡುವುದಿಲ್ಲ. ಅಣ್ಣ ಗನ್ನು ಹಿಡಿದಷ್ಟು ವರ್ಷವೂ ಒಂದು ದಿನ ತಪ್ಪದೆ ಬೆಲ್ಲ ತಿಂದ. ಅದರಿಂದ ಏನು ಉಪಯೋಗವಾಯಿತು ಎಂಬುದು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಅವನ ಕೋಣೆಯ ಬಾಗಿಲು ತೆರೆದಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ನಾನು ಅವನಿಗೆ ಕೇಳಿಸುವ ಹಾಗೆ ಬೆಲ್ಲ ಕಡಿದು ತಿಂದೆ.